ಪ್ರಾಥಮಿಕ ತರಗತಿಯಲ್ಲಿ ಬ್ಲಾಗ್: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನೋಟ್‌ಬುಕ್ ಇರುವಾಗ ಬ್ಲಾಗ್ ಯಾಕೆ?

ನೋಟ್‌ಬುಕ್ಕಿನಲ್ಲಿ ಬರೆದ ಪ್ರಬಂಧಕ್ಕೆ ಓದುಗರು ಒಬ್ಬರೇ, ಕೆಂಪು ಪೆನ್ನು ಹಿಡಿದ ಶಿಕ್ಷಕರು. ಮಗುವಿಗೆ ಅದು ಚೆನ್ನಾಗಿ ಗೊತ್ತು. ಹಾಗಾಗಿ ‘ನಮ್ಮ ಹಿತ್ತಲು’ ಎಂದು ಬರೆಯಲು ಹೇಳಿದರೆ ಶಿಕ್ಷಕರಿಗೆ ಬೇಕಾದ ಐದು ಸಾಲು ಬರೆದು ಕೈತೊಳೆದುಕೊಳ್ಳುತ್ತದೆ. ಆ ಹಿತ್ತಲನ್ನು ಕಂಡೇ ಇರದ ಯಾರೋ ಓದಿ, “ಗಿಡದ ಕೆಳಗೆ ಇಲಿ ಬಿಲ ಇದೆ ಅಂದೆಯಲ್ಲ, ಬಾಯಿ ಎಷ್ಟು ದೊಡ್ಡದು?” ಎಂದು ಕೇಳಿದಾಗ ಮಗು ಮತ್ತೆ ಹೋಗಿ ನೋಡಿ ಬರುತ್ತದೆ. ಬ್ಲಾಗಿನ ಲಾಭ ಇಷ್ಟೇ: ಓದುಗ, ಮತ್ತು ಓದುಗನ ಮರುಮಾತು. ಮರುಮಾತು ಇಲ್ಲದ ಬ್ಲಾಗ್ ಗೋಡೆಪತ್ರಿಕೆಗಿಂತ ಹೆಚ್ಚೇನಲ್ಲ. ಗೋಡೆಪತ್ರಿಕೆಗಾದರೆ ವಿದ್ಯುತ್ತೂ ಬೇಡ, ಪಾಸ್‌ವರ್ಡೂ ಬೇಡ.

ಎಷ್ಟನೇ ತರಗತಿಯಿಂದ ಶುರು ಮಾಡಬಹುದು?

1 ಮತ್ತು 2ನೇ ತರಗತಿಯಲ್ಲಿ ಮಕ್ಕಳು ಹೇಳಲಿ, ಶಿಕ್ಷಕರು ಎಲ್ಲರೂ ನೋಡುವಂತೆ ಬರೆದುಕೊಳ್ಳಲಿ. ವಾರಕ್ಕೊಂದು ಬರಹ, ಇಡೀ ತರಗತಿಯ ಹೆಸರಿನಲ್ಲಿ. 3ನೇ ತರಗತಿಯಿಂದ ಜೋಡಿಯಾಗಿ 40–60 ಪದ ಬರೆಯಬಹುದು. 5ನೇ ತರಗತಿಯ ಹೊತ್ತಿಗೆ ಒಬ್ಬೊಬ್ಬರೇ ಬರೆದು, ಬೇರೆಯವರ ಬರಹಕ್ಕೆ ಪ್ರತಿಕ್ರಿಯೆಯನ್ನೂ ಕೊಡಬಲ್ಲರು. ವಯಸ್ಸಿಗಿಂತ ಮುಖ್ಯವಾದ ಅಳತೆ ಇನ್ನೊಂದಿದೆ: ತಾನು ಬರೆದದ್ದನ್ನು ಮಗು ತಾನೇ ಓದಿ ಒಂದು ಮಾತನ್ನಾದರೂ ಬದಲಿಸಬಲ್ಲದೇ? ಬದಲಿಸಬಲ್ಲದು ಎಂದಾದರೆ ಅದು ಬ್ಲಾಗಿಗೆ ಸಿದ್ಧ.

ನಮ್ಮಲ್ಲಿ ಇರುವುದು ಒಂದೇ ಕಂಪ್ಯೂಟರ್. ಸಾಕೇ?

ಸಾಕು. ಪ್ರತಿ ಮಗುವಿನ ಮುಂದೂ ಒಂದು ಪರದೆ ಇರುವ ತರಗತಿಗಿಂತ ಕೆಲವೊಮ್ಮೆ ಇದೇ ಮೇಲು, ಯಾಕೆಂದರೆ ಮೊದಲು ಕಾಗದದ ಮೇಲೆ ಬರೆಯಲೇಬೇಕಾಗುತ್ತದೆ. ದಿನಕ್ಕೆ ಎರಡು ಸರದಿ, ಒಂದೊಂದಕ್ಕೆ 20 ನಿಮಿಷ ಇಟ್ಟುಕೊಳ್ಳಿ. ವಾರದ 5 ದಿನಕ್ಕೆ 10 ಸರದಿ. 30 ಮಕ್ಕಳ ತರಗತಿಯಲ್ಲಿ ಪ್ರತಿ ಮಗುವಿಗೂ 3 ವಾರಕ್ಕೊಮ್ಮೆ ಸರದಿ ಬರುತ್ತದೆ. ಕರಡು ಸಿದ್ಧವಿಲ್ಲದ ಮಗುವನ್ನು ಯಂತ್ರದ ಮುಂದೆ ಕೂರಿಸಬೇಡಿ. ಅದು ಅಕ್ಷರ ಹುಡುಕುತ್ತಲೇ ಯೋಚಿಸಬೇಕಾಗುತ್ತದೆ. ಎರಡೂ ಆಗದೆ 20 ನಿಮಿಷಕ್ಕೆ ಒಂದು ಸಾಲು ಬರುತ್ತದೆ.

ಶಿಕ್ಷಕರ ಫೋನ್ ಒಂದೇ ಇದ್ದರೂ ನಡೆಯುತ್ತದೆ. ಕೈಬರಹದ ಪುಟದ ಫೋಟೊ ತೆಗೆದು, ಕೆಳಗೆ ಅದೇ ಬರಹವನ್ನು ಟೈಪ್ ಮಾಡಿ ಹಾಕಬಹುದು. ಬರೀ ಫೋಟೊ ಹಾಕಿ ಬಿಟ್ಟರೆ ಹುಡುಕಿದಾಗ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೂ ಮುಟ್ಟುವುದಿಲ್ಲ.

ಬ್ಲಾಗರ್, ವರ್ಡ್‌ಪ್ರೆಸ್ — ಯಾವುದು ಒಳ್ಳೆಯದು?

ಬ್ಲಾಗ್ ತೆರೆಯಲು ಜಾಗ ಕೊಡುವ ಈ ವೇದಿಕೆಗಳು ಎರಡೂ ನಡೆಯುತ್ತವೆ. ಶಿಕ್ಷಕರೊಬ್ಬರೇ ಎಲ್ಲವನ್ನೂ ಪ್ರಕಟಿಸುವುದಾದರೆ ಗೂಗಲ್‌ನ ಬ್ಲಾಗರ್ ಸರಳ. ಹಲವರು ಬರೆದು ಒಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಬೇಕಾದರೆ ವರ್ಡ್‌ಪ್ರೆಸ್ ಅನುಕೂಲ. ಶಾಲೆಗಳಿಗೆಂದೇ ಮಾಡಿದ ಎಜುಬ್ಲಾಗ್ಸ್ ಕೂಡ ವರ್ಡ್‌ಪ್ರೆಸ್ ಮೇಲೆಯೇ ನಿಂತಿದೆ.

ವರ್ಡ್‌ಪ್ರೆಸ್‌ನಲ್ಲಿ ಪಾತ್ರಗಳ ಲೆಕ್ಕ, ಅಂದರೆ ಯಾವ ಖಾತೆಯವರು ಏನೇನು ಮಾಡಬಹುದು ಎಂಬುದು, ತಿಳಿದಿರಲಿ. ‘ಕಾಂಟ್ರಿಬ್ಯೂಟರ್’ ಬರೆಯಬಹುದು, ಪ್ರಕಟಿಸಲಾಗದು. ಮಕ್ಕಳು ಬರೆಯಲೆಂದು ಶಿಕ್ಷಕರು ತೆರೆದುಕೊಡುವ ಖಾತೆಗೆ ಇದೇ ಸರಿ. ಆದರೆ ಈ ಪಾತ್ರದವರು ಚಿತ್ರ ಏರಿಸಲೂ ಆಗದು. ‘ಚಿತ್ರದ ಗುಂಡಿಯೇ ಕಾಣುತ್ತಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಇದು. ಇದನ್ನು ತಪ್ಪಿಸಲು ಕೆಲವರು ಮಕ್ಕಳನ್ನು ‘ಆಥರ್’ ಮಾಡುತ್ತಾರೆ. ಆಥರ್ ಆದವರು ಯಾರನ್ನೂ ಕೇಳದೆ ಪ್ರಕಟಿಸಬಲ್ಲರು. ಹಾಗೆ ಮಾಡಬೇಡಿ. ಚಿತ್ರವನ್ನು ಶಿಕ್ಷಕರೇ ಏರಿಸಲಿ.

ಬ್ಲಾಗ್ ತೆರೆದ ಮೊದಲ ದಿನ ಏನೇನು ಸರಿಪಡಿಸಿಕೊಳ್ಳಬೇಕು?

ಮೊದಲ ಬರಹ ಹಾಕುವ ಮುನ್ನ ಈ ಕ್ರಮದಲ್ಲಿ ಮುಗಿಸಿಕೊಳ್ಳಿ:

1. ಶಿಕ್ಷಕರ ಖಾಸಗಿ ಮಿಂಚಂಚೆ ಬೇಡ. ಈ ಕೆಲಸಕ್ಕೆಂದೇ ಒಂದು ಖಾತೆ ತೆರೆದು ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜತೆಗೆ ಇನ್ನೊಂದು ಗುರುತು ಕೇಳುವ ಏರ್ಪಾಡು) ಹಾಕಿ. ಇನ್ನೊಬ್ಬ ಶಿಕ್ಷಕರನ್ನೂ ಆಡಳಿತಗಾರರಾಗಿ ಸೇರಿಸಿ. ವರ್ಗಾವಣೆಯಾದ ಶಿಕ್ಷಕರ ಜತೆಗೇ ಬ್ಲಾಗೂ ಹೊರಟುಹೋಗುವುದು ಅಪರೂಪವೇನಲ್ಲ.
2. ಯಾರು ಓದಬಹುದು ಎಂಬುದನ್ನು ನಿರ್ಧರಿಸಿ. ಬ್ಲಾಗರ್‌ನಲ್ಲಿ ಎಲ್ಲರಿಗೂ, ಬರೆಯುವವರಿಗೆ ಮಾತ್ರ, ಆಯ್ದ ಓದುಗರಿಗೆ ಎಂಬ ಮೂರು ಆಯ್ಕೆಗಳಿವೆ. ಮೊದಲ ತಿಂಗಳು ಆಯ್ದ ಓದುಗರಿಗಷ್ಟೇ ಇರಲಿ.
3. ಹುಡುಕುತಾಣಗಳಿಗೆ ಕಾಣದಂತೆ ಮಾಡುವ ಆಯ್ಕೆಯನ್ನು ಒತ್ತಿ. ಇದು ಬಾಗಿಲಿಗೆ ಹಾಕಿದ ಬೀಗವಲ್ಲ, ‘ದಯವಿಟ್ಟು ಬರಬೇಡಿ’ ಎಂಬ ಫಲಕ ಅಷ್ಟೇ. ವಿಳಾಸ ಗೊತ್ತಿರುವವರು ಬರಬಹುದು. ಗುಟ್ಟಾಗಿರಬೇಕಾದ್ದನ್ನು ಇದರ ಭರವಸೆಯ ಮೇಲೆ ಹಾಕಬಾರದು.
4. ಪ್ರತಿಕ್ರಿಯೆಗಳ ಪರಿಶೀಲನೆಯನ್ನು ‘ಯಾವಾಗಲೂ’ ಎಂದಿಡಿ. ವರ್ಡ್‌ಪ್ರೆಸ್‌ನಲ್ಲಿ ಒಮ್ಮೆ ಒಪ್ಪಿಗೆ ಸಿಕ್ಕವರ ಮುಂದಿನ ಪ್ರತಿಕ್ರಿಯೆಗಳು ನೇರವಾಗಿ ಪ್ರಕಟವಾಗುವ ಆಯ್ಕೆಯಿದೆ. ಅದನ್ನು ನೆಚ್ಚಿಕೊಳ್ಳದೆ, ಪ್ರತಿಯೊಂದನ್ನೂ ಕೈಯಾರೆ ಒಪ್ಪಬೇಕೆಂಬ ಆಯ್ಕೆ ಆರಿಸಿ.
5. ಜಾಹೀರಾತು ಬರುತ್ತದೆಯೇ ನೋಡಿ. ಉಚಿತ ಯೋಜನೆಗಳಲ್ಲಿ ವೇದಿಕೆಯೇ ಜಾಹೀರಾತು ಸೇರಿಸುವುದುಂಟು. ಲಾಗಿನ್ ಆದವರಿಗೆ ಕಾಣದೆ ಇರಬಹುದು. ಹಾಗಾಗಿ ಲಾಗೌಟ್ ಆಗಿ, ಬೇರೆ ಫೋನಿನಲ್ಲಿ ತೆರೆದು ನೋಡಿ.

ಬರಹದ ಕೊಂಡಿ ಹಾವಿನ ಹಾಗೆ ಉದ್ದವಾಗುತ್ತದೆ, ಯಾಕೆ?

ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಭಾಗಕ್ಕೂ 3 ಬೈಟ್ ಬೇಕು. ವೆಬ್ ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಜತೆಗೆ 3 ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಒಂದು ‘ಕ’ಕ್ಕೆ 9 ಚಿಹ್ನೆ. ಬ್ಲಾಗರ್‌ನದು ಇನ್ನೊಂದು ಅತಿ: ಕನ್ನಡ ಶೀರ್ಷಿಕೆಯನ್ನು ಬಿಟ್ಟು ಎಲ್ಲಕ್ಕೂ ‘ಬ್ಲಾಗ್-ಪೋಸ್ಟ್’ ಎಂದೇ ಹೆಸರಿಟ್ಟು ಮುಂದೆ ಸಂಖ್ಯೆ ಹಾಕುತ್ತದೆ. ಎರಡಕ್ಕೂ ಪರಿಹಾರ ಒಂದೇ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ರೋಮನ್ ಅಕ್ಷರದ ಚಿಕ್ಕ ಹೆಸರು ಕೊಡಿ. ಪ್ರಕಟಿಸಿದ ಮೇಲೆ ಬದಲಿಸಿದರೆ, ಹಂಚಿದ ಹಳೆಯ ಕೊಂಡಿ ಮುರಿಯಬಹುದು.

ಮಕ್ಕಳಿಗೆ ಕನ್ನಡ ಟೈಪಿಂಗ್ ಹೇಗೆ ಕಲಿಸುವುದು?

ಹೆಚ್ಚು ಹೊತ್ತು ತಿನ್ನುವ ಭಾಗ ಇದು. ಮೊದಲ ಪ್ರಶ್ನೆ ಕೀಲಿಮಣೆಯದು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ಲಿಪ್ಯಂತರ ದೊಡ್ಡವರಿಗೆ ಸಲೀಸು. ಆದರೆ 3ನೇ ತರಗತಿಯ ಮಗು ‘ಠ’, ‘ಥ’ ಎರಡಕ್ಕೂ ಇಂಗ್ಲಿಷಿನಲ್ಲಿ ಏನು ಒತ್ತಬೇಕೆಂದು ತಲೆ ಕೆರೆದುಕೊಳ್ಳುತ್ತದೆ. ಒಂದು ಅಕ್ಷರಕ್ಕೆ ಒಂದೇ ಕೀಲಿ ಇರುವ ವಿನ್ಯಾಸವೇ ಮಕ್ಕಳಿಗೆ ಲೇಸು. ಭಾರತೀಯ ಭಾಷೆಗಳಿಗೆಂದು ಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ವಿನ್ಯಾಸದಲ್ಲಿ ಅಲ್ಪಪ್ರಾಣಕ್ಕೆ ಕೀಲಿ, ಅದೇ ಕೀಲಿಗೆ ಶಿಫ್ಟ್ ಸೇರಿಸಿದರೆ ಮಹಾಪ್ರಾಣ. ಯಾವುದಾದರೂ ಸರಿ, ಇಡೀ ಶಾಲೆಗೆ ಒಂದೇ ಇರಲಿ.

ಎರಡನೆಯದು ಕ್ರಮ. ಕೈಯಲ್ಲಿ ‘ಕರ್ಣ’ ಬರೆಯುವಾಗ ‘ಕ’, ‘ಣ’ ಬರೆದು ಕೊನೆಗೆ ಅರ್ಕಾವತ್ತು ಹಾಕುತ್ತೇವೆ. ಟೈಪ್ ಮಾಡುವಾಗ ಉಚ್ಚಾರದ ಕ್ರಮ: ಕ, ರ, ವಿರಾಮ (ವ್ಯಂಜನದ ಸ್ವರ ತೆಗೆಯುವ ‘್’ ಚಿಹ್ನೆ), ಣ. ಇದನ್ನು ಮೊದಲೇ ಹೇಳದಿದ್ದರೆ ಅರ್ಕಾವತ್ತಿನ ಕೀಲಿ ಎಲ್ಲಿದೆ ಎಂದು ಮಗು ಹುಡುಕುತ್ತಾ ಕೂರುತ್ತದೆ. ಅಂಥ ಕೀಲಿಯೇ ಇಲ್ಲ. ಒತ್ತಕ್ಷರವೂ ಹೀಗೆಯೇ: ‘ಸ್ತ್ರೀ’ ಎಂದರೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ. ಒಟ್ಟು 6 ಒತ್ತು. ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ‘ಸ್ತ್ರೀ’ ಹೋಗದೆ ಒಂದೊಂದೇ ತುಣುಕು ಉದುರುತ್ತದೆ. ಮಕ್ಕಳು ಇದನ್ನು ಯಂತ್ರ ಕೆಟ್ಟಿತೆಂದು ತಿಳಿದು ಕೈ ಎತ್ತುತ್ತಾರೆ. ಅಸಲಿಗೆ ಕಾಗುಣಿತ ಬಿಡಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ.

‘ರ‍್ಯಾಂಕ್’ ಬರೆಯಲು ಹೋದರೆ ‘ರ್ಯಾಂಕ್’ ಆಗುತ್ತದೆ, ಅರ್ಕಾವತ್ತು ‘ಯಾ’ದ ಬಲಕ್ಕೆ ಬಂದು ಕೂರುತ್ತದೆ. ‘ರ’ ಆದ ಮೇಲೆ, ವಿರಾಮಕ್ಕೆ ಮುಂಚೆ, ಶೂನ್ಯ ಅಗಲದ ಜೋಡಕ ಎಂಬ ಕಾಣದ ಚಿಹ್ನೆ ಸೇರಿಸಬೇಕು. ಇದನ್ನು ಶಿಕ್ಷಕರೇ ಸರಿಮಾಡಿಕೊಳ್ಳಲಿ, ಮಕ್ಕಳ ತಲೆಗೆ ಬೇಡ.

ಕಣ್ಣಿಗೆ ಸರಿ ಕಾಣುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ. ಏನಾಗಿದೆ?

ಬಹುತೇಕ ಸೊನ್ನೆಯ ಗೊಂದಲ. ‘ಹಂಸ’ದ ಅನುಸ್ವಾರಕ್ಕೆ ಬದಲಾಗಿ ಕನ್ನಡ ಅಂಕಿಯ ಸೊನ್ನೆ ಒತ್ತಿ ‘ಹ೦ಸ’ ಮಾಡಿರುತ್ತಾರೆ. ನೋಟಕ್ಕೆ ಅಣ್ಣತಮ್ಮ, ಕಂಪ್ಯೂಟರಿಗೆ ಬೇರೆ ಬೇರೆ. ವಿಸರ್ಗದ್ದೂ ಅದೇ ಕಥೆ: ‘ದುಃಖ’ದ ಜಾಗದಲ್ಲಿ ‘ದು:ಖ’ ಎಂದು ಕೋಲನ್ ಬಂದಿರುತ್ತದೆ. ಪ್ರಕಟಿಸುವ ಮೊದಲು ‘೦’ ಎಂಬ ಅಂಕಿಯನ್ನು ಒಮ್ಮೆ ಹುಡುಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಅಂಟಿಸಿದ ಬರಹವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬಂದರೆ, ಅದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಪೂರ್ವದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟುಗಳಲ್ಲಿ ಒಳಗೆ ಇರುವುದು ರೋಮನ್ ಸಂಕೇತಗಳೇ, ಮೇಲೆ ಮಾತ್ರ ಕನ್ನಡದ ಆಕಾರ. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಆಮೇಲೂ ಒತ್ತಕ್ಷರಗಳನ್ನು ಒಂದು ಸಲ ಓದಿ ನೋಡಬೇಕು.

ಮಕ್ಕಳೇ ಖಾತೆ ತೆರೆಯಬಹುದೇ? ಕಾನೂನು ಏನನ್ನುತ್ತದೆ?

ಪ್ರಾಥಮಿಕ ತರಗತಿಯ ಮಕ್ಕಳಿಗೆ ಸ್ವಂತ ಖಾತೆ ಬೇಡ. ಸಾಮಾನ್ಯ ಗೂಗಲ್ ಖಾತೆಗೆ ಹೆಚ್ಚಿನ ದೇಶಗಳಲ್ಲಿ ಕನಿಷ್ಠ ವಯಸ್ಸು 13. ಹುಟ್ಟಿದ ವರ್ಷ ಸುಳ್ಳು ಹೇಳಿ ತೆರೆಸಿದರೆ, ಮಗುವಿಗೆ ಮೊದಲು ಕಲಿಸಿದ ಪಾಠ ಅದೇ ಆಗುತ್ತದೆ. ಅಮೆರಿಕದಲ್ಲಿ 1998ರ ಮಕ್ಕಳ ಆನ್‌ಲೈನ್ ಗೋಪ್ಯತಾ ಕಾಯಿದೆ 13ಕ್ಕಿಂತ ಕೆಳಗಿನವರಿಗೆ ಅನ್ವಯಿಸುತ್ತದೆ. 2018ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ದತ್ತಾಂಶ ನಿಯಮದಲ್ಲಿ ಮಗು ತಾನೇ ಒಪ್ಪಿಗೆ ಕೊಡಬಲ್ಲ ವಯಸ್ಸಿನ ಗಡಿ 16, ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಎಲ್ಲೇ ಇರಿ, ಶಿಕ್ಷಕರ ಒಂದೇ ಖಾತೆಯಿಂದ ಪ್ರಕಟಿಸಿದರೆ ತೊಡಕು ಕಡಿಮೆ. ಪೋಷಕರ ಒಪ್ಪಿಗೆಯಂತೂ ಆಗಲೂ ಬೇಕು.

ಒಪ್ಪಿಗೆ ಪತ್ರದಲ್ಲಿ ಏನಿರಬೇಕು?

‘ನನ್ನ ಒಪ್ಪಿಗೆ ಇದೆ’ ಎಂಬ ಒಂದೇ ಸಾಲು ಸಾಲದು. ಬರಹ, ಚಿತ್ರಕಲೆ, ಧ್ವನಿ, ಮುಖ ಕಾಣುವ ಫೋಟೊ — ನಾಲ್ಕಕ್ಕೂ ಬೇರೆ ಬೇರೆ ಹೌದು/ಇಲ್ಲ ಇಡಿ. ಬರಹಕ್ಕೆ ಒಪ್ಪುವ ಎಷ್ಟೋ ತಂದೆತಾಯಂದಿರು ಫೋಟೊ ಬೇಡ ಎನ್ನುತ್ತಾರೆ, ಒಂದೇ ಸಾಲಿದ್ದರೆ ಎರಡನ್ನೂ ನಿರಾಕರಿಸುತ್ತಾರೆ. ಯಾರು ಓದಬಹುದು, ಎಷ್ಟು ಕಾಲ ಇರುತ್ತದೆ, ತೆಗೆಸಬೇಕಾದರೆ ಯಾರಿಗೆ ಹೇಳಬೇಕು ಎಂಬುದನ್ನು ಬರೆಯಿರಿ. ಒಪ್ಪಿಗೆ ಕೊಡದ ಮಗುವಿಗೂ ಅದೇ ಕೆಲಸ ಇರಲಿ. ಅದರ ಬರಹ ತರಗತಿಯ ಗೋಡೆಗೆ ಹೋಗಲಿ. ಮಗುವನ್ನೂ ಕೇಳಿ: ‘ಇದನ್ನು ಹಾಕಲೇ?’ ಬರೆದದ್ದು ಅದರದು ತಾನೆ.

ಹೆಸರು, ಫೋಟೊ ಹಾಕುವಾಗ ಎಲ್ಲಿ ಎಡವುತ್ತೇವೆ?

ಪೂರ್ಣ ಹೆಸರು ಬೇಡ ಎಂದು ಎಲ್ಲರಿಗೂ ಗೊತ್ತು. ಬರಹದಲ್ಲಿ ‘ಸಂಪಿಗೆ’, ‘ಮಿಂಚುಳ್ಳಿ’ ಎಂದು ಅಂಕಿತ ಹಾಕಿ, ಚಿತ್ರದ ಕಡತಕ್ಕೆ ಮಗುವಿನ ನಿಜ ಹೆಸರಿಟ್ಟು ಏರಿಸುತ್ತಾರೆ! ಕಡತದ ಹೆಸರು ವಿಳಾಸದಲ್ಲಿ ಕಾಣುತ್ತದೆ. ಗೋಡೆಯ ಹಾಜರಾತಿ ಪಟ್ಟಿ, ಸಮವಸ್ತ್ರದ ಲಾಂಛನ, ಪುಸ್ತಕದ ಹೊದಿಕೆಯ ಚೀಟಿ, ಇವು ಫೋಟೊದ ಹಿನ್ನೆಲೆಯಲ್ಲಿ ನುಸುಳುತ್ತವೆ. ಕಣ್ಣಿಗೆ ಕಾಣದ್ದೂ ಒಂದಿದೆ: ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ತೆರೆದಿದ್ದರೆ ಅಕ್ಷಾಂಶ ರೇಖಾಂಶಗಳು ಚಿತ್ರದ ಕಡತದೊಳಗೇ ಇರುತ್ತವೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಮೊದಲೇ ನಿಲ್ಲಿಸಿಬಿಡಿ. ಹಳೆಯ ಚಿತ್ರವಾದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಏರಿಸಿ. ಮೂಲ ಕ್ಯಾಮೆರಾದ ಮಾಹಿತಿ ಅದರೊಳಗೆ ಬರುವುದಿಲ್ಲ. ಮುಖಕ್ಕಿಂತ ಕೈಗಳ ಫೋಟೊ ಚೆಂದ: ಮಣ್ಣು ಮೆತ್ತಿದ ಕೈ, ಬೀಜ ಹಿಡಿದ ಕೈ.

ಅಂತರ್ಜಾಲದಿಂದ ಚಿತ್ರ ತೆಗೆದುಕೊಳ್ಳಬಹುದೇ?

ಹುಡುಕಿದಾಗ ಸಿಕ್ಕಿತು ಎಂದ ಮಾತ್ರಕ್ಕೆ ಬಳಸುವಂತಿಲ್ಲ. ಕ್ರಿಯೇಟಿವ್ ಕಾಮನ್ಸ್ (ಇತರರ ಬಳಕೆಗೆ ಮೊದಲೇ ಅನುಮತಿ ಕೊಡುವ) ಪರವಾನಗಿ ಇರುವ ಚಿತ್ರಗಳನ್ನು, ಉದಾಹರಣೆಗೆ ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಸಂಗ್ರಹದಲ್ಲಿರುವವನ್ನು, ಅದರ ಷರತ್ತಿನಂತೆ ಬಳಸಬಹುದು. ಬಹುಪಾಲು ಪರವಾನಗಿಗಳಲ್ಲಿ ತೆಗೆದವರ ಹೆಸರು, ಪರವಾನಗಿಯ ಹೆಸರು, ಮೂಲದ ಕೊಂಡಿ ಕೊಡಬೇಕು. ಆದರೆ ಮಗುವೇ ಬಿಡಿಸಿದ ವಕ್ರ ಕಪ್ಪೆ ಯಾವ ವೃತ್ತಿಪರ ಫೋಟೊಗಿಂತಲೂ ಈ ಜಾಗಕ್ಕೆ ಒಪ್ಪುತ್ತದೆ.

ಏನು ಬರೆಸುವುದು? ಎರಡು ವಾರಕ್ಕೆ ವಿಷಯವೇ ಮುಗಿದುಹೋಗುತ್ತದೆ.

‘ನನ್ನ ನೆಚ್ಚಿನ ಹಬ್ಬ’ದಂಥ ವಿಷಯ ಕೊಟ್ಟರೆ ಮುಗಿಯಲೇಬೇಕು, 30 ಮಕ್ಕಳದೂ ಒಂದೇ ಬರಹ. ನೋಡಿ, ಅಳೆದು, ಎಣಿಸಿ ಬರೆಯುವ ವಿಷಯ ಕೊಡಿ. ಹುರುಳಿಕಾಳು ನೆನೆಹಾಕಿ ದಿನವೂ ಮೊಳಕೆಯ ಉದ್ದ ಬರೆಯುವುದು. ಒಂದೇ ಮರದ ಫೋಟೊವನ್ನು ಒಂದೇ ಜಾಗದಿಂದ ವಾರಕ್ಕೊಮ್ಮೆ ತೆಗೆದು, ಬದಲಾದದ್ದು ಒಂದು, ಬದಲಾಗದ್ದು ಒಂದು ಹೇಳುವುದು. ಒಂದು ಆಟದ ನಿಯಮವನ್ನು ಆ ಆಟ ಗೊತ್ತಿಲ್ಲದವರಿಗೆ ತಿಳಿಯುವಂತೆ ಬರೆಯುವುದು. ಈ ಕೊನೆಯದು ಮೇಲುನೋಟಕ್ಕೆ ಸುಲಭ, ಬರೆಯಲು ಕೂತರೆ ದೊಡ್ಡವರೇ ತಡವರಿಸುತ್ತಾರೆ. ಇನ್ನೊಂದು ತರಗತಿಯವರು ಅದನ್ನು ಓದಿ ಆಡಿ ನೋಡಲಿ. ಆಟ ಎಲ್ಲಿ ನಿಂತಿತೋ ಬರಹ ಅಲ್ಲಿ ತಪ್ಪಿದೆ. ಶಿಕ್ಷಕರು ಕೆಂಪು ಗೆರೆ ಎಳೆಯಬೇಕಾಗಿಯೇ ಇಲ್ಲ.

ಕಾಗುಣಿತದ ತಪ್ಪು ಎಲ್ಲವನ್ನೂ ತಿದ್ದಿ ಹಾಕಬೇಕೇ?

ಪೂರ್ತಿ ತಿದ್ದಿದರೆ ಅದು ಶಿಕ್ಷಕರ ಬರಹ. ಏನೂ ತಿದ್ದದಿದ್ದರೆ ಮಗು ನಗೆಪಾಟಲಾಗಬಹುದು. ನಡುದಾರಿ ಹೀಗೆ: ಕರಡನ್ನು ಮಗು ಗಟ್ಟಿಯಾಗಿ ಓದಲಿ, ಜತೆಗಾರ ಕೇಳಲಿ. ಅರ್ಥವಾಗದ ಕಡೆ ಜತೆಗಾರ ಕೈ ಎತ್ತಲಿ. ಆಮೇಲೆ ಶಿಕ್ಷಕರು ಅರ್ಥ ಕೆಡಿಸುವ ತಪ್ಪುಗಳಿಗೆ ಮಾತ್ರ ಗುರುತು ಹಾಕಲಿ, ತಿದ್ದುವುದು ಮಗುವೇ. ಮಾತಿನ ಧಾಟಿಯನ್ನು, ಮನೆಯ ಆಡುನುಡಿಯನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಅದು ತಪ್ಪಲ್ಲ.

ಪ್ರತಿಕ್ರಿಯೆ ಎಂದರೆ ಎಲ್ಲರೂ ‘ಸೂಪರ್’, ‘ತುಂಬಾ ಚೆನ್ನಾಗಿದೆ’ ಎಂದು ಬರೆಯುತ್ತಾರೆ.

ಬೇರೆ ರೀತಿ ಬರೆಯುವುದನ್ನು ಯಾರೂ ಕಲಿಸಿಲ್ಲ, ಹಾಗಾಗಿ. ಎರಡು ವಾರ ಕಾಗದದಲ್ಲೇ ಅಭ್ಯಾಸ ಮಾಡಿಸಿ. ಬರಹದ ಪಕ್ಕ ಚೀಟಿ ಅಂಟಿಸುವುದು, ಚೀಟಿಯಲ್ಲಿ ಎರಡು ವಾಕ್ಯ: ಬರಹದಿಂದಲೇ ಎತ್ತಿದ ಒಂದು ವಿವರ, ಅದರ ಬಗ್ಗೆ ಒಂದು ಪ್ರಶ್ನೆ. ‘ಸೂಪರ್’ ಬರೆದ ಚೀಟಿಯನ್ನು ಅಂಟಿಸುವಂತಿಲ್ಲ. ಬ್ಲಾಗಿಗೆ ಬಂದ ಮೇಲೂ ಇದೇ ನಿಯಮ. ಬರೆದ ಮಗು ಪ್ರಶ್ನೆಗೆ ಉತ್ತರಿಸಲೇಬೇಕು.

ಯಾವ ಮಗುವಿಗೆ ಎಷ್ಟು ಪ್ರತಿಕ್ರಿಯೆ ಬಂತು ಎಂಬುದನ್ನು ಮಕ್ಕಳು ಎಣಿಸುತ್ತಾರೆ, ನೀವು ಗಮನಿಸದಿದ್ದರೂ. ಹಾಗಾಗಿ ಪ್ರತಿ ಬರಹಕ್ಕೂ ಇಬ್ಬರು ಓದುಗರನ್ನು ಸರದಿಯಂತೆ ಗೊತ್ತುಮಾಡಿ.

ಹೊರಗಿನಿಂದ ಕೆಟ್ಟ ಮಾತು ಬಂದರೆ?

ಪ್ರಕಟಿಸಬೇಡಿ, ಆದರೆ ತಕ್ಷಣ ಅಳಿಸಲೂ ಬೇಡಿ. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಖ್ಯ ಶಿಕ್ಷಕರಿಗೆ ತೋರಿಸಿ, ಆಮೇಲೆ ಅಳಿಸಿ. ಪ್ರತಿಕ್ರಿಯೆಗಳ ಪರಿಶೀಲನೆಯನ್ನು ‘ಯಾವಾಗಲೂ’ ಎಂದಿಟ್ಟಿದ್ದರೆ ಮಗು ಅದನ್ನು ನೋಡಿಯೇ ಇರುವುದಿಲ್ಲ.

ಎಲ್ಲರೂ ಒಟ್ಟಿಗೆ ತೆರೆದರೆ ಇಂಟರ್‌ನೆಟ್ ನಿಂತೇಹೋಗುತ್ತದೆ.

ಲೆಕ್ಕ ಹಾಕಿ. ಪುಟದ ತೂಕ 2 ಎಂಬಿ ಇದ್ದರೆ 30 ಯಂತ್ರಗಳಿಗೆ 60 ಎಂಬಿ. 8 ಮೆಗಾಬಿಟ್ ಸೇರಿದರೆ 1 ಎಂಬಿ, ಹಾಗಾಗಿ ಸಂಪರ್ಕದ ವೇಗ ಸೆಕೆಂಡಿಗೆ 4 ಮೆಗಾಬಿಟ್ ಆದರೆ ಎಲ್ಲರಿಗೂ ತೆರೆಯಲು ಕನಿಷ್ಠ 2 ನಿಮಿಷ. ಅಷ್ಟರಲ್ಲಿ ತಾಳ್ಮೆಗೆಟ್ಟ ಮಕ್ಕಳು ರಿಫ್ರೆಶ್ ಒತ್ತಿ ಹೊರೆ ಹೆಚ್ಚಿಸುತ್ತಾರೆ. ಎರಡು ಕೆಲಸ ಮಾಡಿ. ಚಿತ್ರವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಜೆಪೆಗ್ ಗುಣಮಟ್ಟ 75ರಷ್ಟಿಟ್ಟರೆ, 3–4 ಎಂಬಿಯ ಫೋನ್ ಚಿತ್ರ ಸಾಮಾನ್ಯವಾಗಿ 300 ಕೆಬಿಯ ಒಳಗೆ ಬರುತ್ತದೆ. ಮುಖಪುಟದಲ್ಲಿ 3–5 ಬರಹ ಮಾತ್ರ ಕಾಣಲಿ.

ಬರೆಯುವುದು ಆಫ್‌ಲೈನ್‌ನಲ್ಲೇ ಆಗಲಿ. ಬ್ಲಾಗಿನ ಪೆಟ್ಟಿಗೆಯಲ್ಲೇ ಟೈಪ್ ಮಾಡುತ್ತಿದ್ದಾಗ ಸಂಪರ್ಕ ಹೋಗಿ, ಮಗು ಗಾಬರಿಯಿಂದ ಪುಟ ಮುಚ್ಚಿದರೆ 20 ನಿಮಿಷದ ಕೆಲಸ ನೀರುಪಾಲು. ಸಾದಾ ಟೆಕ್ಸ್ಟ್ ಕಡತದಲ್ಲಿ ಬರೆದು ಕೊನೆಗೆ ಅಂಟಿಸಿದರೆ, ವರ್ಡ್‌ನಿಂದ ಅಂಟಿಸಿದಾಗ ಹಿಂಬಾಲಿಸಿ ಬರುವ ವಿಚಿತ್ರ ಫಾಂಟು, ಬಣ್ಣಗಳ ಕಾಟವೂ ಇಲ್ಲ.

ಧ್ವನಿ ಮುದ್ರಿಸಿ ಹಾಕಬಹುದೇ?

ಬರೆಯಲು ಹೆಣಗುವ ಮಕ್ಕಳಿಗೆ ಇದು ವರ. ಮೋನೊ (ಒಂದೇ ಧ್ವನಿವಾಹಿನಿ), ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಮುದ್ರಿಸಿದರೆ ಒಂದು ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ಮಾತಿಗೆ ಅಷ್ಟು ಸಾಕು. ಫ್ಯಾನ್ ನಿಲ್ಲಿಸಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಮುಂದೆ ಹಿಡಿದರೆ ‘ಪ’, ‘ಫ’, ‘ಭ’ಗಳಲ್ಲಿ ಉಸಿರು ಬಡಿದು ಧ್ವನಿ ಒಡೆಯುತ್ತದೆ. ಮಗು ಹೇಳಿದ್ದನ್ನು ಧ್ವನಿ ಟೈಪಿಂಗ್‌ನಿಂದ ಬರಹವಾಗಿಸಲೂಬಹುದು. ಆದರೆ ವಾಕ್ಯ ಮುಗಿದ ಕಡೆ ಚುಕ್ಕೆ ಇಡುವ ಕೆಲಸ ಮಗುವಿಗೇ ಉಳಿಯುತ್ತದೆ, ಉಳಿಯಲಿ.

ಕೃತಕ ಬುದ್ಧಿಮತ್ತೆಯಿಂದ ಬರೆಸಿ ತಂದರೆ ಗೊತ್ತಾಗುವುದು ಹೇಗೆ?

ಪತ್ತೆ ಮಾಡುವ ತಂತ್ರಾಂಶಗಳನ್ನು ನಂಬಿ ಮಗುವಿನ ಮೇಲೆ ಆರೋಪ ಹೊರಿಸಬೇಡಿ, ಅವು ತಪ್ಪುತ್ತವೆ. ಕರಡು ತರಗತಿಯಲ್ಲೇ, ಕಾಗದದಲ್ಲೇ ಹುಟ್ಟಿದರೆ ಈ ಪ್ರಶ್ನೆಯೇ ಏಳುವುದಿಲ್ಲ. ಚಾಟ್‌ಜಿಪಿಟಿಯ ನಿಯಮದಲ್ಲೂ ಕನಿಷ್ಠ ವಯಸ್ಸು 13.

ವರ್ಷ ಮುಗಿದಾಗ ಬ್ಲಾಗನ್ನು ಏನು ಮಾಡುವುದು?

ಮೊದಲು ಪ್ರತಿ ಇಳಿಸಿಕೊಳ್ಳಿ. ಎರಡೂ ವೇದಿಕೆಗಳಲ್ಲಿ ಇಡೀ ಬ್ಲಾಗನ್ನು ಎಕ್ಸ್‌ಎಂಎಲ್ ಕಡತವಾಗಿ ಪಡೆಯಬಹುದು. ಆ ಕಡತದಲ್ಲಿ ಚಿತ್ರಗಳಿರುವುದಿಲ್ಲ, ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ ಎಂಬುದು ಬ್ಲಾಗ್ ಅಳಿಸಿದ ಮೇಲೆ ಅನೇಕರಿಗೆ ತಿಳಿಯುತ್ತದೆ. ಚಿತ್ರಗಳನ್ನು ಬೇರೆಯಾಗಿ ಉಳಿಸಿ. ಪ್ರತಿ ಮಗುವಿನ ಬರಹಗಳನ್ನು ಮುದ್ರಿಸಿ, ಬಂದ ಪ್ರತಿಕ್ರಿಯೆಗಳ ಸಮೇತ ಹೊಲಿದು ಕೊಡಿ. ಒಪ್ಪಿಗೆ ಪತ್ರದಲ್ಲಿ ಹೇಳಿದ ಅವಧಿ ಮುಗಿದ ದಿನ ಬ್ಲಾಗನ್ನು ಖಾಸಗಿ ಮಾಡಿ ಅಥವಾ ಅಳಿಸಿ. ಮುಂದಿನ ವರ್ಷದ ಮಕ್ಕಳಿಗೆ ಹೊಸದನ್ನು ತೆರೆಯಿರಿ, ಹೆಸರನ್ನು ಅವರೇ ಆರಿಸಲಿ.